ಪ್ರತಿಕ್ರಿಯೆ: ವ್ಯಾಗ್‌ಟೇಲ್‌ನಲ್ಲಿ ‘ನೋಂದಾಯಿತ ಟ್ಯಾಗ್ ಲೈಬ್ರರಿ ಅಲ್ಲ’ ಎಂಬ ದೋಷ

ವ್ಯಾಗ್‌ಟೇಲ್ (ಪೈಥಾನ್‌ನ ಜ್ಯಾಂಗೊ ವೆಬ್ ಚೌಕಟ್ಟಿನ ಮೇಲೆ ನಿಂತ, ಜಾಲತಾಣದ ವಿಷಯ ನಿರ್ವಹಿಸುವ ತಂತ್ರಾಂಶ) ಬಳಸುವ ನಿಮ್ಮ ತಾಣದಲ್ಲಿ, ಇತ್ತೀಚಿನ ಐದು ಲೇಖನಗಳನ್ನು ಎಲ್ಲ ಪುಟಗಳ ಬದಿಯಲ್ಲಿ ತೋರಿಸಲು ಟ್ಯಾಗ್ (ಟೆಂಪ್ಲೇಟ್‌ನಿಂದ, ಅಂದರೆ ಪುಟದ ಅಚ್ಚಿನಿಂದ, ಕರೆಯುವ ಪೈಥಾನ್ ಫಂಕ್ಷನ್) ಬರೆದಿದ್ದೀರಿ, ಟೆಂಪ್ಲೇಟ್‌ನಲ್ಲಿ ಲೋಡ್ ಮಾಡಿದರೆ ಜ್ಯಾಂಗೊ ಅದನ್ನು ಗುರುತಿಸುತ್ತಿಲ್ಲ ಎಂದಿದ್ದೀರಿ. ಕೋಡ್ ತಿದ್ದುವ ಮೊದಲು ಸರ್ವರ್ ನಿಲ್ಲಿಸಿ ಮತ್ತೆ ಆರಂಭಿಸಿ. ಟ್ಯಾಗ್ ಕಡತಗಳನ್ನಿಡುವ ಟೆಂಪ್ಲೇಟ್‌ಟ್ಯಾಗ್ಸ್ ಫೋಲ್ಡರ್ ಹೊಸದಾಗಿ ಸೇರಿಸಿದಾಗ ಡೆವಲಪ್‌ಮೆಂಟ್ ಸರ್ವರ್ ತಾನಾಗಿ ಮರು ಆರಂಭವಾಗುವುದಿಲ್ಲ. ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅಂದಾಜು.

ಆದರೂ ಸರಿಹೋಗದಿದ್ದರೆ, ಆ ಫೋಲ್ಡರ್ ಇರುವ ಆ್ಯಪ್ (ಜ್ಯಾಂಗೊ ಯೋಜನೆಯ ಒಂದು ಘಟಕ) ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿದೆಯೇ ನೋಡಿ. ಲೋಡ್ ಮಾಡುವಾಗ ಕೊಡಬೇಕಾದದ್ದು ಪೈಥಾನ್ ಕಡತದ ಹೆಸರು. ಆ್ಯಪ್‌ನ ಹೆಸರೂ ಅಲ್ಲ, ಫಂಕ್ಷನ್ನಿನ ಹೆಸರೂ ಅಲ್ಲ. ಕಡತದೊಳಗಿನ ಲೈಬ್ರರಿ ವೇರಿಯಬಲ್‌ಗೆ ‘ರಿಜಿಸ್ಟರ್’ ಎಂದೇ ಹೆಸರಿರಬೇಕು. ಇಲ್ಲಿ ಜಾಣತನ ನಡೆಯುವುದಿಲ್ಲ. ಇನ್ನೊಂದು ಮಾತು: ಮೂಲ ಟೆಂಪ್ಲೇಟ್‌ನಲ್ಲಿ ಲೋಡ್ ಮಾಡಿದ್ದು ಅದನ್ನು ವಿಸ್ತರಿಸುವ ಟೆಂಪ್ಲೇಟ್‌ಗೆ ದಕ್ಕುವುದಿಲ್ಲ, ಅಲ್ಲಿಯೂ ಬರೆಯಬೇಕು.

ನಿಮ್ಮ ಕೆಲಸಕ್ಕೆ, ಬರೀ ಒಂದು ಮೌಲ್ಯ ಮರಳಿಸುವ ಸಿಂಪಲ್ ಟ್ಯಾಗ್‌ಗಿಂತ ಇನ್‌ಕ್ಲೂಷನ್ ಟ್ಯಾಗ್ ಒಳ್ಳೆಯದು. ಫಂಕ್ಷನ್ ಒಂದು ಡಿಕ್ಷನರಿ ಮರಳಿಸಿದರೆ ಸಾಕು, ಎಚ್‌ಟಿಎಂಎಲ್ ತನ್ನದೇ ಟೆಂಪ್ಲೇಟ್‌ನಲ್ಲಿ ಕೂರುತ್ತದೆ. ಆದರೆ ಆ ಒಳಟೆಂಪ್ಲೇಟ್‌ಗೆ ಹೊರಗಿನ ಕಾಂಟೆಕ್ಸ್ಟ್ (ಪುಟದ ಟೆಂಪ್ಲೇಟ್‌ಗೆ ಒದಗಿಸಿದ ಮಾಹಿತಿ) ಕಾಣಿಸುವುದಿಲ್ಲ. ಟೇಕ್ಸ್ ಕಾಂಟೆಕ್ಸ್ಟ್ ಆಯ್ಕೆಗೆ ಟ್ರೂ ಕೊಟ್ಟು, ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟ್ ‘ಕಾಂಟೆಕ್ಸ್ಟ್’ ಎಂದಿಟ್ಟು, ಅದರಿಂದ ರಿಕ್ವೆಸ್ಟ್ (ಬ್ರೌಸರ್ ಕಳಿಸಿದ ಕೋರಿಕೆಯ ವಿವರ) ತೆಗೆದು ನಿಮ್ಮ ಡಿಕ್ಷನರಿಗೆ ಸೇರಿಸಿ. ಪುಟದ ವಿಳಾಸ ಕೊಡುವ ವ್ಯಾಗ್‌ಟೇಲ್‌ನ ಪೇಜ್‌ಯುಆರ್‌ಎಲ್ ಟ್ಯಾಗ್ ಆ ರಿಕ್ವೆಸ್ಟ್ ಅನ್ನು ಬಳಸಿಕೊಳ್ಳುತ್ತದೆ.

ಲೇಖನಗಳನ್ನು ಆರಿಸುವಾಗ ಲೈವ್ ಫಿಲ್ಟರ್ ಮರೆಯಬೇಡಿ. ಮರೆತರೆ ಪ್ರಕಟವಾಗದ ಕರಡುಗಳ ಶೀರ್ಷಿಕೆಯೂ ಓದುಗರ ಕಣ್ಣಿಗೆ ಬೀಳುತ್ತದೆ.