ಓದುಗರ ಪ್ರಶ್ನೆ: ವಿಶೇಷ ಬಿ.ಎಡ್. ಮಾಡಿದರೆ ಅಸಲಾದರೂ ಹುಟ್ಟುತ್ತದೆಯೇ?

ಪ್ರಶ್ನೆ: ನನಗೆ 27 ವರ್ಷ. ಬಿ.ಎ. ಮುಗಿಸಿ ಉಡುಪಿಯ ಖಾಸಗಿ ಕಚೇರಿಯೊಂದರಲ್ಲಿ ತಿಂಗಳಿಗೆ 18,000 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ಅಣ್ಣನ ಮಗನಿಗೆ ಆಟಿಸಂ ಇದ್ದು, ಅವನನ್ನು ವಿಶೇಷ ಶಾಲೆಗೆ ಬಿಟ್ಟು ಬರುವಾಗ ಅಲ್ಲಿನ ಕೆಲಸದ ಮೇಲೆ ನನಗೂ ಮನಸ್ಸಾಗಿದೆ. ಕೆಲಸ ಬಿಟ್ಟು ಎರಡು ವರ್ಷದ ವಿಶೇಷ ಶಿಕ್ಷಣ ಬಿ.ಎಡ್. ಸೇರೋಣವೆಂದರೆ, ವಿಚಾರಿಸಿದ ಕಾಲೇಜಿನವರು ಒಟ್ಟು ಶುಲ್ಕ 1,60,000 ರೂಪಾಯಿ ಎಂದಿದ್ದಾರೆ. ಸಾಲ ಮಾಡದೆ ಆಗುವುದಿಲ್ಲ. ‘ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಎಂತಕ್ಕೆ ಡಿಗ್ರಿ?’ ಎಂದು ಅಮ್ಮ ಕೇಳುತ್ತಾರೆ. ಈ ಪದವಿಗೆ ಹಾಕಿದ ಹಣ ಮರಳಿ ಬರುತ್ತದೆಯೇ?
— ಓದುಗರೊಬ್ಬರು, ಕಾಪು

ಉತ್ತರ: ನಿಮ್ಮ ಅಮ್ಮನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವವರು ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆ ಪಡೆದು, ಅದರ ಕೇಂದ್ರೀಯ ದಾಖಲೆ ಪುಸ್ತಕದಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿಯಿಲ್ಲದೆ ಆ ಕೆಲಸ ಮಾಡಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. (ಆ ದಂಡದ ಹಣಕ್ಕೆ ಈಗ ಮಲ್ಪೆಯಲ್ಲಿ ಒಂದು ದೊಡ್ಡ ಅಂಜಲ್ ಮೀನು ಕೂಡ ಬಾರದು, ಆದರೂ ಕಾಯ್ದೆ ಕಾಯ್ದೆಯೇ.)

ಡಿಗ್ರಿಯಲ್ಲಿ ಏನು ಕಲಿಸುತ್ತಾರೆ ಎನ್ನುವುದನ್ನು ಅಂಗಿಯ ಗುಂಡಿ ಹಾಕಿಸುವ ಪಾಠದಿಂದ ಅಮ್ಮನಿಗೆ ತಿಳಿಸಬಹುದು. ನಾವು ಮನೆಯಲ್ಲಿ ಮಗುವಿಗೆ ಮೇಲಿನ ಗುಂಡಿಯಿಂದ ಕಲಿಸಲು ಹೊರಡುತ್ತೇವೆ, ಮಗು ಎರಡನೆಯದಕ್ಕೇ ಬೇಸತ್ತು ಅಳುತ್ತದೆ. ತರಬೇತಾದ ಶಿಕ್ಷಕಿ ಐದರಲ್ಲಿ ನಾಲ್ಕು ಗುಂಡಿಗಳನ್ನು ತಾನೇ ಹಾಕಿ, ಐದನೆಯದನ್ನೂ ಅರ್ಧ ತೂರಿಸಿಟ್ಟು, ಕೊನೆಯಲ್ಲಿ ಎಳೆಯುವ ಒಂದೇ ಕೆಲಸವನ್ನು ಮಗುವಿನ ಬೆರಳಿಗೆ ಬಿಡುತ್ತಾಳೆ. ಮಗುವಿಗೆ ಅಂಗಿ ತೊಟ್ಟು ಮುಗಿಸಿದ ಖುಷಿ ಮೊದಲ ದಿನವೇ ಸಿಗುತ್ತದೆ, ಮುಂದಿನ ವಾರಗಳಲ್ಲಿ ಪಾಠ ಒಂದೊಂದೇ ಗುಂಡಿ ಹಿಂದಕ್ಕೆ ಸರಿಯುತ್ತದೆ. ಇಂಥದ್ದನ್ನು ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಯೋಜಿಸಿ, ಬರೆದಿಟ್ಟು, ಮೂರು ತಿಂಗಳ ಬಳಿಕ ಎಷ್ಟು ಮುಂದುವರಿಯಿತೆಂದು ಅಳೆಯುವುದು ಪ್ರೀತಿಯೊಂದರಿಂದಲೇ ಬರುವ ವಿದ್ಯೆಯಲ್ಲ.

ಇನ್ನು ಹಣದ ಮಾತು. ನೀವು 1,60,000ವನ್ನು ಮಾತ್ರ ಎಣಿಸಿದ್ದೀರಿ. ಕೆಲಸ ಬಿಟ್ಟರೆ ಎರಡು ವರ್ಷದಲ್ಲಿ ಕೈತಪ್ಪುವ ಸಂಬಳ 4,32,000 ರೂಪಾಯಿ. ಬಸ್ಸು, ಪುಸ್ತಕ, ಬೋಧನೋಪಕರಣಗಳ ತಯಾರಿಗೆ ಕಡಿಮೆಯೆಂದರೂ 30,000 ಎಂದು ಹಿಡಿದರೆ ಈ ಪದವಿಯ ನಿಜವಾದ ಬೆಲೆ 6,22,000 ರೂಪಾಯಿ ಆಗುತ್ತದೆ. ಪದವಿಯ ಬಳಿಕ 20,000 ರೂಪಾಯಿಯ ಕೆಲಸ ಸಿಕ್ಕಿದರೆ, ಈಗಿನ ಸಂಬಳಕ್ಕಿಂತ ಹೆಚ್ಚಾಗಿ ಬರುವ 2,000ದಲ್ಲಿ ಆ ಮೊತ್ತ ತೀರಲು ಸುಮಾರು 26 ವರ್ಷ ಬೇಕು. ಅಷ್ಟರಲ್ಲಿ ನಿಮಗೆ 55 ತುಂಬಿರುತ್ತದೆ. 25,000 ಸಿಕ್ಕಿದರೆ ಏಳೂವರೆ ವರ್ಷದೊಳಗೆ, 32,000 ಸಿಕ್ಕಿದರೆ ನಾಲ್ಕು ವರ್ಷದೊಳಗೆ ತೀರುತ್ತದೆ. ಈಗಿನ ಕಚೇರಿಯಲ್ಲಿಯೂ ಸಂಬಳ ಏರುತ್ತಿತ್ತು ಎನ್ನುವುದನ್ನು ಸೇರಿಸಿದರೆ ಈ ಅವಧಿಗಳು ಇನ್ನಷ್ಟು ಉದ್ದವಾಗುತ್ತವೆ. ಶುಲ್ಕದಷ್ಟನ್ನೇ ಶೇ. 10ರ ಬಡ್ಡಿಯಲ್ಲಿ ಸಾಲ ಪಡೆದು ಐದು ವರ್ಷದಲ್ಲಿ ತೀರಿಸುವುದಾದರೆ, ಓದುವಾಗಿನ ಬಡ್ಡಿ ಬಿಟ್ಟು ತಿಂಗಳ ಕಂತು ಸುಮಾರು 3,400 ರೂಪಾಯಿ. 20,000ದ ಕೆಲಸದಲ್ಲಿ ಆ ಕಂತು ಕಟ್ಟಿದ ಬಳಿಕ ನಿಮ್ಮ ಕೈಯಲ್ಲಿ ಈಗಿನದಕ್ಕಿಂತ ಕಡಿಮೆ ಹಣ ಉಳಿಯುತ್ತದೆ.

ಹಾಗಾಗಿ ಪದವಿಯ ಬಳಿಕ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಎನ್ನುವುದರ ಮೇಲೆಯೇ ನಿಮ್ಮ ಪ್ರಶ್ನೆಗೆ ಉತ್ತರ ನಿಂತಿದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಟ್ರಸ್ಟುಗಳು, ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಿಗೇನೂ ಕೊರತೆಯಿಲ್ಲ, ಕೆಲಸವೂ ಸುಲಭವಾಗಿ ಸಿಗುತ್ತದೆ. ಆದರೆ ಅವುಗಳಲ್ಲಿ ಬಹಳಷ್ಟು, ಮಗುವೊಂದಕ್ಕೆ ಇಷ್ಟು ಎಂದು ಸರಕಾರ ಕೊಡುವ ಶಿಶುಕೇಂದ್ರಿತ ಸಹಾಯಧನವನ್ನೂ ದಾನಿಗಳನ್ನೂ ನಂಬಿಕೊಂಡಿವೆ; ಅಲ್ಲಿ ಸಿಗುವುದಕ್ಕೆ ಗೌರವಧನ ಎಂದು ಹೆಸರು, ಮತ್ತು ಗೌರವವಾದರೂ ತಿಂಗಳ ಒಂದನೇ ತಾರೀಕಿಗೆ ಬರಬಹುದು, ಧನ ಬರುವುದಿಲ್ಲ. ನಾನು ದುಡಿದ ಒಂದು ಶಾಲೆಯಲ್ಲಿ ಜೂನ್ ತಿಂಗಳಿನದು ನಮ್ಮ ಕೈಸೇರುವಾಗ ಚೌತಿ ಕಳೆದಿತ್ತು. ಎರಡನೆಯ ಬಾಗಿಲು ಸಿಬಿಎಸ್‌ಇ ಶಾಲೆಗಳದು: ವಿಶೇಷ ಶಿಕ್ಷಕರನ್ನು ನೇಮಿಸಿಕೊಳ್ಳಬೇಕೆಂದು ಮಂಡಳಿ 2015ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ಮಂಗಳೂರು, ಮಣಿಪಾಲದ ಥೆರಪಿ ಕೇಂದ್ರಗಳು ಮೂರನೆಯದು. ಸಮಗ್ರ ಶಿಕ್ಷಣ ಎಂಬ ಸರಕಾರಿ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಾ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುವ ಸಂಪನ್ಮೂಲ ಶಿಕ್ಷಕರ ಹುದ್ದೆಗಳೂ ಇವೆ.

ಸರಕಾರಿ ಹುದ್ದೆಯ ಆಸೆ ಸುಳ್ಳೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಹುದ್ದೆಗಳನ್ನು ಅಧಿಸೂಚಿಸಿ ಭರ್ತಿ ಮಾಡುವಂತೆ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಗಿ ಬಂತು. ಎರಡು ತೀರ್ಪುಗಳ ನಡುವಿನ ಮೂರು ವರ್ಷ ಚಿಲ್ಲರೆ ತಿಂಗಳುಗಳನ್ನು ಗಮನಿಸಿ. ಆ ವೇಗವನ್ನು ನಂಬಿ ಸಾಲದ ಕಂತು ಕಟ್ಟಲಾಗದು.

ಕಾಲೇಜು ಸೇರುವ ಮುನ್ನ, ಆ ಕಾಲೇಜಿಗೆ ಆ ಕೋರ್ಸಿಗೆ ಈ ಸಾಲಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೀವೇ ನೋಡಿ. ಮಾನ್ಯತೆ ಇಂತಿಷ್ಟು ವರ್ಷಕ್ಕೆಂದು ಕೊಡುವಂಥದ್ದಾದ್ದರಿಂದ ಗೋಡೆಗೆ ಹಾಕಿದ ಹಳೆಯ ಪತ್ರದಿಂದ ಉಪಯೋಗವಿಲ್ಲ. ಪದವಿಯಲ್ಲಿ ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಆಟಿಸಂ ಎಂದು ವಿಭಾಗಗಳಿವೆ. ಸಾಮಾನ್ಯ ಶಾಲೆಗೆ ಹೋಗುವ ಇರಾದೆಯಿದ್ದರೆ ಕಲಿಕಾ ನ್ಯೂನತೆ, ಥೆರಪಿ ಕೇಂದ್ರಕ್ಕಾದರೆ ಆಟಿಸಂ ಎಂಬುದು ನನ್ನ ಅಭಿಪ್ರಾಯ. ಹತ್ತಿರದ ಕಾಲೇಜಿನಲ್ಲಿ ಯಾವುದಿದೆಯೋ ಅದು ಎಂದು ಆರಿಸಬೇಡಿ.

ನಿಮ್ಮ ಕೈಯಲ್ಲಿ ನೀವು ಎಣಿಸದ ಬಂಡವಾಳವೂ ಒಂದಿದೆ. ಇಂಗ್ಲಿಷಿನಲ್ಲಿ ಕುಳಿತುಕೊಳ್ಳಲು ಹೇಳಿದಾಗ ಅಲುಗಾಡದ ಹುಡುಗನೊಬ್ಬನ ವರದಿಯಲ್ಲಿ ‘ಸೂಚನೆ ಪಾಲಿಸುವುದಿಲ್ಲ’ ಎಂದು ಬರೆದಿದ್ದರು. ನಮ್ಮ ಶಾಲೆಯ ಆಯಾ ಬಾಗಿಲಿನಲ್ಲಿ ನಿಂತು ತುಳುವಿನಲ್ಲಿ ‘ಕುಲ್ಲು’ (ಕುಳಿತುಕೋ) ಎಂದದ್ದೇ ತಡ, ಹುಡುಗ ಚಾಪೆಯ ಮೇಲೆ ಕುಳಿತ. ತುಳು, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳ ಜೊತೆ ಅವರ ಮಾತಿನಲ್ಲೇ ಕೆಲಸ ಮಾಡಬಲ್ಲ ಶಿಕ್ಷಕಿಯನ್ನು ತಂದೆತಾಯಂದಿರು ಹುಡುಕಿಕೊಂಡು ಬರುತ್ತಾರೆ. ಸಂಬಳ ಮಾತಾಡುವಾಗ ಇದನ್ನು ಮುಂದಿಡಲು ಸಂಕೋಚಪಡಬೇಡಿ.

ನನ್ನ ಸಲಹೆ ಇಷ್ಟು: ಈಗಲೇ ರಾಜೀನಾಮೆ ಕೊಡಬೇಡಿ. ಮುಂದಿನ ಪ್ರವೇಶದ ತನಕ ಪ್ರತಿ ಶನಿವಾರ ಅಣ್ಣನ ಮಗನದಲ್ಲದ ಬೇರೊಂದು ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ. ಊಟವಾದ ಮೇಲಿನ ಹೊತ್ತಿನಲ್ಲಿ ಎಂಟು ಮಕ್ಕಳ ನಡುವೆಯೂ ಮನಸ್ಸು ನಿಲ್ಲುತ್ತದೆಯೇ ನೋಡಿಕೊಳ್ಳಿ. ಅದೇ ಅವಧಿಯಲ್ಲಿ ಐದಾರು ಶಾಲೆ, ಕೇಂದ್ರಗಳಿಗೆ ಹೋಗಿ ಹೊಸಬರಿಗೆ ಎಷ್ಟು ಕೊಡುತ್ತೀರೆಂದು ನೇರವಾಗಿ ಕೇಳಿ. 25,000 ಎಂದು ಎರಡು ಕಡೆಯಾದರೂ ಹೇಳಿದರೆ ಸೇರಿಕೊಳ್ಳಿ. ಯಾರೂ ಹೇಳದಿದ್ದರೆ, ಶುಲ್ಕದ ಅರ್ಧವಾದರೂ ಉಳಿತಾಯವಾಗುವ ತನಕ ಕಾಯಿರಿ.

ಪ್ರಶ್ನೆ: ವಿಶೇಷ ಶಾಲೆಯಲ್ಲಿ 11 ವರ್ಷದಿಂದ ಸಹಾಯಕಿಯಾಗಿದ್ದೇನೆ. ಪಿಯುಸಿ ಆಗಿದೆ, ವಯಸ್ಸು 38. ಈಗ ವಿಶೇಷ ಶಿಕ್ಷಣ ಡಿ.ಎಡ್. ಮಾಡಿದರೆ ಪ್ರಯೋಜನವಿದೆಯೇ?
— ಓದುಗರೊಬ್ಬರು, ಬಂಟ್ವಾಳ

ಉತ್ತರ: ಖಂಡಿತ ಇದೆ. ನಿಮಗೆ ಕೆಲಸ ಬರುತ್ತದೆ, ಕಾಗದವೊಂದೇ ಬಾಕಿ. ಪಿಯುಸಿಯಲ್ಲಿ ಶೇ. 50 ಅಂಕ ಬೇಕಾಗುತ್ತದೆ, ಮೊದಲು ಅಂಕಪಟ್ಟಿ ತೆಗೆದು ನೋಡಿ. ಕೋರ್ಸು ಎರಡು ವರ್ಷದ್ದು. ಮುಗಿದ ಮೇಲೆ ಶಿಕ್ಷಕಿಯ ಹುದ್ದೆಗೇ ತೆಗೆದುಕೊಳ್ಳುವುದಾಗಿ ಈಗಿನ ಆಡಳಿತ ಮಂಡಳಿಯಿಂದ ಬರವಣಿಗೆಯಲ್ಲಿ ಪಡೆದುಕೊಂಡೇ ರಜೆ ಹಾಕಿ. ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮಾನ್ಯತೆಯಿರುವ ಕಾರ್ಯಾಗಾರಗಳಲ್ಲಿ ಭಾಗವಹಿಸಿ ಗಳಿಸಿದ ಅಂಕಗಳನ್ನು ತೋರಿಸಬೇಕು. ಆ ಪ್ರಮಾಣಪತ್ರಗಳನ್ನು ಮೊದಲನೆಯದರಿಂದಲೇ ಒಂದು ಫೈಲಿನಲ್ಲಿ ಹಾಕಿಡಿ.