ಮುಚ್ಚಳದ ಮಳೆ ಮತ್ತು ಮಕ್ಕಳ ಲೆಕ್ಕ

ಶಿವಮೊಗ್ಗದ ಓದುಗರಿಗೆ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ, ಡಿಸ್ನಿ ಬಾತುಕೋಳಿಗಳ ಕಾರ್ಟೂನ್ ಧಾರಾವಾಹಿ ‘ಡಕ್‌ಟೇಲ್ಸ್’ ಅನ್ನು ಈಗ ಮಗನ ಜೊತೆ ಕೂತು ನೋಡಿದ್ದೀರಿ. ಬಾಟಲಿ ಮುಚ್ಚಳಗಳ ಕಂತು ಬಂದಾಗ, ಇದು ಹಣದುಬ್ಬರದ, ಅಂದರೆ ದುಡ್ಡು ಹೆಚ್ಚಾದಂತೆ ಅದರ ಬೆಲೆ ಇಳಿಯುವುದರ, ಕಥೆಯಲ್ಲವೇ ಎಂದು ದಂಗಾಗಿದ್ದೀರಿ. ದೊಡ್ಡವರ ವಿಡಂಬನೆಯನ್ನು ಮಕ್ಕಳ ಹೆಸರಲ್ಲಿ ತೋರಿಸಿ ನಮ್ಮನ್ನು ಏಮಾರಿಸಿದರೇ, ಮಗನಿಗೆ ಈಗಲೇ ಅರ್ಥ ಬಿಡಿಸಿ ಹೇಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ಯಾರೂ ಏಮಾರಿಸಲಿಲ್ಲ. ಆ ಕಂತಿನ ಮೂಲ 1954ರ ಒಂದು ಕಾಮಿಕ್ಸ್. ಅದನ್ನು ಬರೆದು ಚಿತ್ರಿಸಿದವರು ಅಮೆರಿಕದ ಕಾರ್ಲ್ ಬಾರ್ಕ್ಸ್. ಅಂಕಲ್ ಸ್ಕ್ರೂಜ್ ಎಂಬ ಜಿಪುಣ ಬಾತುಕೋಳಿಯನ್ನು 1947ರಲ್ಲಿ ಸೃಷ್ಟಿಸಿದವರೂ ಅವರೇ. ಹೊಲದ ದುಡಿಮೆ, ಮರ ಕಡಿಯುವುದು, ರೈಲ್ವೆ ಕಾರ್ಖಾನೆ ಎಲ್ಲ ಕಂಡು ಬಂದ ಮನುಷ್ಯ. ಬರೆದದ್ದು ಮಕ್ಕಳಿಗೇ. ಆದರೆ ಮಕ್ಕಳಿಗೆ ಇಷ್ಟು ಸಾಕು ಎಂದು ಕೈ ಬಿಗಿಹಿಡಿದು ಬರೆದವರಲ್ಲ.

ಆ ಕಾಮಿಕ್ಸನ್ನು ಹತ್ತಿರದಿಂದ ನೋಡಿ. ದುಡ್ಡಿನ ಕಾಟಕ್ಕೆ ತಲೆಕೆಟ್ಟ ಸ್ಕ್ರೂಜ್, ದುಡ್ಡೆಂದರೇನೆಂದೇ ಗೊತ್ತಿಲ್ಲದ ಹಿಮಾಲಯದ ಕಣಿವೆಯೊಂದಕ್ಕೆ ಹೋಗುತ್ತಾನೆ. ಔಷಧಿ ಕುಡಿದು ಬಾಟಲಿಯ ಮುಚ್ಚಳ ಎಸೆಯುತ್ತಾನೆ. ಅದು ಒಬ್ಬ ರೈತನ ಕೈಗೆ ಸಿಗುತ್ತದೆ. ಊರಲ್ಲಿ ಅಂಥದ್ದು ಇನ್ನೊಂದಿಲ್ಲ, ಅಷ್ಟೇ. ಅಲ್ಲಿಯವರೆಗೆ ಹಂಚಿಕೊಂಡು ಬಾಳಿದ ಜನ ಒಂದು ತಗಡಿನ ಚೂರಿಗೆ ಮುಗಿಬೀಳುತ್ತಾರೆ. ಎಲ್ಲರಿಗೂ ಸಿಕ್ಕರೆ ಆಸೆ ತಣಿದೀತೆಂದು ಸ್ಕ್ರೂಜ್ ವಿಮಾನಗಳಲ್ಲಿ 100 ಕೋಟಿ ಮುಚ್ಚಳ ತರಿಸಲು ಹೊರಡುತ್ತಾನೆ. ಮೇಲಿಂದ ಸುರಿದ ಮುಚ್ಚಳಗಳಡಿ ಗದ್ದೆಗಳು ಹೂತುಹೋಗುತ್ತವೆ, ಮೊದಲು ಹಿಗ್ಗಿದ ಜನವೇ ಈಗ ರೊಚ್ಚಿಗೇಳುತ್ತದೆ.

ಇದರಲ್ಲಿ ಮಗುವಿಗೆ ತಿಳಿಯದ್ದು ಯಾವುದು, ಹೇಳಿ? ನಮ್ಮ ಊರುಗಳ ಮಕ್ಕಳು ಗೂಡಂಗಡಿಯ ಮುಂದೆ ಬಿದ್ದ ಸೋಡಾ ಮುಚ್ಚಳ ಆಯ್ದು, ಕಲ್ಲಲ್ಲಿ ಜಜ್ಜಿ ಚಪ್ಪಟೆ ಮಾಡಿ, ಎರಡು ತೂತು ಕೊರೆದು, ದಾರ ಪೋಣಿಸಿ ಬುರ್ರೆಂದು ತಿರುಗಿಸಿದವರು. ಅಪರೂಪದ ಬಣ್ಣದ ಒಂದು ಮುಚ್ಚಳಕ್ಕೆ ಎಷ್ಟು ಗೋಲಿ ಕೊಡಬೇಕೆಂಬ ಚೌಕಾಸಿ, ಅದಕ್ಕಾಗಿ ಠೂ ಬಿಡುವುದು, ಎಲ್ಲವೂ ಅವರಿಗೆ ಗೊತ್ತು. ಕಣಿವೆಯ ರೈತನ ಹುಚ್ಚು ಅವರಿಗೆ ಒಳಗಿನಿಂದ ಅರ್ಥವಾಗುತ್ತದೆ. ನಾವು ಈಗ ಅದಕ್ಕೆ ‘ಹಣದುಬ್ಬರ’ ಎಂಬ ಹೆಸರು ಸೇರಿಸಿದ್ದೇವೆ. ಚಿಕ್ಕಂದಿನಲ್ಲಿ ನೀವು ನಕ್ಕ ನಗು ಪೂರ್ತಿಯಾಗಿಯೇ ಇತ್ತು.

ದೊಡ್ಡವರ ಕಣ್ಣಿಗೆ ಮಾತ್ರ ಬೀಳುವ ಸಂಗತಿಯೂ ಒಂದಿದೆ, ಅದು ನನಗೆ ಹಿಡಿಸುವಂಥದ್ದಲ್ಲ. ದೂರದ ಕಣಿವೆಯ ಜನರೆಂದರೆ ಏನೂ ಅರಿಯದ ಮುಗ್ಧರು, ಶ್ರೀಮಂತ ಬಂದು ಕೆಡಿಸುವವರೆಗೆ ಅವರಿಗೆ ಆಸೆಯೇ ಇಲ್ಲ ಎಂಬ ನಂಬಿಕೆ ಅದು. ಚಿಲಿಯಲ್ಲಿದ್ದ ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾಂಡ್ ಮ್ಯಾಟೆಲಾರ್ಟ್ 1971ರಲ್ಲೇ ಡಿಸ್ನಿ ಬಾತುಕೋಳಿಗಳ ಕಾಮಿಕ್ಸ್‌ಗಳಲ್ಲಿರುವ ಇಂಥ ದೃಷ್ಟಿಯನ್ನು ತರಾಟೆಗೆ ತೆಗೆದುಕೊಂಡು ಪುಸ್ತಕವನ್ನೇ ಬರೆದರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಬಾರ್ಕ್ಸ್ ಈ ಕಥೆಯಲ್ಲಿ ಸ್ಕ್ರೂಜ್‌ನನ್ನೂ ಬಿಟ್ಟಿಲ್ಲ, ದುಡ್ಡಿನಿಂದ ಓಡಿಹೋದವನೇ ಹೋದಲ್ಲೆಲ್ಲ ದುಡ್ಡು ಹುಟ್ಟಿಸುತ್ತಾನೆ. ಆದರೂ ಆ ಟೀಕೆ ನಿಮ್ಮಂಥ ಓದುಗರು ತಿಳಿದಿರಬೇಕಾದದ್ದು.

ಮಗನ ವಿಷಯಕ್ಕೆ ಬಂದರೆ, ದಯವಿಟ್ಟು ಕಂತನ್ನು ನಡುವೆ ನಿಲ್ಲಿಸಿ ಪಾಠ ಹೇಳಬೇಡಿ. ‘ಅಷ್ಟೊಂದು ಮುಚ್ಚಳ ಸಿಕ್ಕಿದ ಮೇಲೂ ಅವರಿಗೆ ಯಾಕಪ್ಪಾ ಸಿಟ್ಟು?’ ಎಂದು ಅವನೇ ಕೇಳಬಹುದು. ಆಗ ತಕ್ಷಣ ಉತ್ತರ ಕೊಡದೆ, ನಿನಗೇನನ್ನಿಸುತ್ತದೆ ಎಂದು ಮೊದಲು ಅವನನ್ನೇ ಕೇಳಿ. ಅವನು ಹೇಳಿದ್ದನ್ನು ನಮಗೂ ಬರೆದು ಕಳಿಸಿದರೆ ಬಲು ಸಂತೋಷ.

– ಸಂ.