ಪೆಪ್ಟೈಡ್ ಸೀರಮ್ ಚರ್ಮದಲ್ಲಿ ನಿಜವಾಗಿ ಏನು ಮಾಡುತ್ತದೆ?

ನೀವು ಮೂರು ವಿಷಯಗಳನ್ನು ಕೇಳಿದ್ದೀರಿ: ಪೆಪ್ಟೈಡ್ ಇರುವ ಸೀರಮ್ ಚರ್ಮದೊಳಕ್ಕೆ ಇಳಿಯುತ್ತದೆಯೇ, ಕೊಲಾಜೆನ್ ಕ್ರೀಮಿಗೂ ಅದಕ್ಕೂ ಏನು ವ್ಯತ್ಯಾಸ, ವಿಟಮಿನ್ ಸಿ ಜೊತೆಗೆ ಅದನ್ನು ಬಳಸಬಹುದೇ. ಚರ್ಮದ ಆರೈಕೆಯ ಉತ್ಪನ್ನಗಳನ್ನು ರೂಪಿಸುವ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಪೆಪ್ಟೈಡ್‌ಗಳನ್ನು ದಿನನಿತ್ಯ ತೂಗಿ, ಕರಗಿಸಿ, ಬೆರೆಸುವ ಅನುಭವದಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಕೊಲಾಜೆನ್‌ನ ವಿಷಯ ಮೊದಲು ಹೇಳಿದರೆ ಉಳಿದದ್ದು ಸುಲಭವಾಗುತ್ತದೆ. ನಮ್ಮ ಚರ್ಮದ ಒಳಪದರದಿಂದ ನೀರಿನಂಶವನ್ನು ತೆಗೆದರೆ ಉಳಿಯುವ ತೂಕದ ಸುಮಾರು ಮುಕ್ಕಾಲು ಪಾಲು ಕೊಲಾಜೆನ್ ಎಂಬ ಪ್ರೋಟೀನ್. ತಲಾ ಸುಮಾರು ಸಾವಿರ ಅಮೈನೋ ಆಮ್ಲಗಳಿರುವ ಮೂರು ಎಳೆಗಳು ಒಂದರ ಸುತ್ತ ಒಂದು ಹುರಿಗೊಂಡು ಕೊಲಾಜೆನ್‌ನ ಒಂದು ಅಣುವಾಗುತ್ತದೆ. ಅದರ ಅಣುತೂಕ ಸುಮಾರು 3,00,000 ಡಾಲ್ಟನ್ (ಡಾಲ್ಟನ್ ಎಂದರೆ ಅಣುಗಳ ತೂಕವನ್ನು ಅಳೆಯುವ ಮಾನ). ಅಷ್ಟು ದೊಡ್ಡ ಅಣು ಹೊರಗಿನಿಂದ ಹಚ್ಚಿದಾಗ ಒಳಗೆ ಹೋಗುವುದಿಲ್ಲ, ಹೋಗಿ ನಿಮ್ಮ ಸ್ವಂತ ಕೊಲಾಜೆನ್ ಜಾಲಕ್ಕೆ ಸೇರಿಕೊಳ್ಳುವ ಪ್ರಶ್ನೆಯೇ ಇಲ್ಲ. ಅದು ಮೇಲ್ಮೈಯಲ್ಲಿ ಕುಳಿತು ತೇವವನ್ನು ಹಿಡಿದಿಡುತ್ತದೆ. ಅದೂ ಉಪಯುಕ್ತವೇ, ಆದರೆ ಒಳ್ಳೆಯ ಮಾಯಿಶ್ಚರೈಸರ್ ಮಾಡುವ ಕೆಲಸಕ್ಕಿಂತ ಹೆಚ್ಚಿನದೇನಲ್ಲ.

ಪೆಪ್ಟೈಡ್ ಎಂದರೆ ಕೆಲವೇ ಅಮೈನೋ ಆಮ್ಲಗಳ ಚಿಕ್ಕ ಸರಪಣಿ. ಇದನ್ನು ಕೊಲಾಜೆನ್ ಕಟ್ಟುವ ಸಾಮಗ್ರಿ ಎಂದು ಭಾವಿಸಿದರೆ ದಾರಿ ತಪ್ಪುತ್ತದೆ, ಏಕೆಂದರೆ ಅದು ಕೆಲಸ ಮಾಡುವುದು ಸಂಕೇತವಾಗಿ. ಒಳಪದರದ ಕೊಲಾಜೆನ್ ಗಾಯದಿಂದಲೋ ಬಿಸಿಲಿನಿಂದಲೋ ತುಂಡಾದಾಗ ಹುಟ್ಟುವ ಕೆಲವು ಚೂರುಗಳನ್ನು ಸುತ್ತಲಿನ ಫೈಬ್ರೊಬ್ಲಾಸ್ಟ್ ಜೀವಕೋಶಗಳು ಗುರುತಿಸುತ್ತವೆ, ಇಲ್ಲಿ ದುರಸ್ತಿ ಬೇಕಾಗಿದೆ ಎಂದು ಅರಿತು ಹೊಸ ಕೊಲಾಜೆನ್ ತಯಾರಿಸತೊಡಗುತ್ತವೆ. ಅಂಥ ಚೂರನ್ನೇ ಹೋಲುವ ಪೆಪ್ಟೈಡನ್ನು ಹೊರಗಿನಿಂದ ಕೊಟ್ಟರೆ ಜೀವಕೋಶ ಅದೇ ರೀತಿ ಪ್ರತಿಕ್ರಿಯಿಸಬೇಕು ಎಂಬುದು ಈ ಉತ್ಪನ್ನಗಳ ಹಿಂದಿರುವ ಮೂಲ ತರ್ಕ. 1973ರಲ್ಲಿ ಲೋರೆನ್ ಪಿಕಾರ್ಟ್ ಮಾನವ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿದ ಜಿಎಚ್‌ಕೆ ಎಂಬ ಮೂರು ಅಮೈನೋ ಆಮ್ಲಗಳ ಪೆಪ್ಟೈಡ್ ಕೊಲಾಜೆನ್‌ನ ಎಳೆಯಲ್ಲಿಯೂ ಇದೆ. ಕೊಲಾಜೆನ್‌ನ ಪೂರ್ವರೂಪದಲ್ಲಿರುವ ಐದು ಅಮೈನೋ ಆಮ್ಲಗಳ ಒಂದು ತುಣುಕು ಫೈಬ್ರೊಬ್ಲಾಸ್ಟ್‌ಗಳನ್ನು ಪ್ರಚೋದಿಸುತ್ತದೆ ಎಂಬುದು 1993ರಲ್ಲಿ ಪ್ರಕಟವಾಯಿತು. ಇಂದು ಮ್ಯಾಟ್ರಿಕ್ಸಿಲ್ ಎಂಬ ಹೆಸರಿನಲ್ಲಿ ಪರಿಚಿತವಾಗಿರುವ ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4 ಈ ತುಣುಕಿನಿಂದಲೇ ಹುಟ್ಟಿದ್ದು.

ಇಷ್ಟರವರೆಗೆ ಹೇಳಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ. ತಟ್ಟೆಯ ಜೀವಕೋಶಕ್ಕೆ ಪೆಪ್ಟೈಡ್ ನೇರವಾಗಿ ತಲುಪುತ್ತದೆ, ನಿಮ್ಮ ಮುಖದ ಜೀವಕೋಶಕ್ಕೆ ತಲುಪಬೇಕಾದರೆ ಮೊದಲು ಚರ್ಮದ ಹೊರಪದರವನ್ನು ದಾಟಬೇಕು. ಸುಮಾರು 10ರಿಂದ 20 ಮೈಕ್ರೋಮೀಟರ್ ದಪ್ಪದ, ಸತ್ತ ಜೀವಕೋಶಗಳು ಮತ್ತು ಅವುಗಳ ನಡುವೆ ಒತ್ತಾಗಿ ತುಂಬಿರುವ ಕೊಬ್ಬಿನಂಶದಿಂದಾದ ಈ ಪದರ ಇರುವುದೇ ಹೊರಗಿನ ವಸ್ತುಗಳನ್ನು ತಡೆಯುವುದಕ್ಕೆ. 500 ಡಾಲ್ಟನ್‌ಗಿಂತ ಹೆಚ್ಚು ತೂಕದ ಅಣುಗಳು ಇದನ್ನು ದಾಟುವುದು ಕಷ್ಟ ಎಂಬ ಸೂತ್ರ 2000ದಲ್ಲಿ ಪ್ರಕಟವಾಗಿ ಈಗಲೂ ನಮ್ಮ ಕ್ಷೇತ್ರದ ಅಳತೆಗೋಲಾಗಿದೆ. ಮೇಲೆ ಹೇಳಿದ ಐದು ಅಮೈನೋ ಆಮ್ಲಗಳ ತುಣುಕು 564 ಡಾಲ್ಟನ್ ತೂಗುತ್ತದೆ, ಸಾಲದೆಂಬಂತೆ ವಿದ್ಯುದಾವೇಶ ಹೊತ್ತ ಅದು ನೀರಿನಲ್ಲಿ ಕರಗುವ ಅಣು, ಹಾಗಾಗಿ ಕೊಬ್ಬಿನ ಪದರ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ನನಗೆ ಇಂದಿಗೂ ಬಹಳ ಇಷ್ಟ. ಪೆಪ್ಟೈಡ್‌ನ ಒಂದು ತುದಿಗೆ 16 ಇಂಗಾಲಗಳ ಪಾಲ್ಮಿಟಿಕ್ ಆಮ್ಲವನ್ನು, ಅಂದರೆ ಒಂದು ಕೊಬ್ಬಿನಾಮ್ಲವನ್ನು, ಜೋಡಿಸಲಾಯಿತು. ಅಣುತೂಕ 802 ಡಾಲ್ಟನ್‌ಗೆ ಏರಿತು, ಹಾಗಾಗಿ ಮೇಲಿನ ಸೂತ್ರವನ್ನೇ ನಂಬಿದರೆ ಪರಿಸ್ಥಿತಿ ಇನ್ನಷ್ಟು ಹದಗೆಡಬೇಕಿತ್ತು. ಆದರೆ ರೋಮರಹಿತ ಇಲಿಯ ಚರ್ಮದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಕೊಬ್ಬಿನಾಮ್ಲವಿಲ್ಲದ ಪೆಪ್ಟೈಡ್ ಯಾವ ಪದರದಲ್ಲಿಯೂ ಪತ್ತೆಯಾಗದೆ, ಕೊಬ್ಬಿನಾಮ್ಲ ಜೋಡಿಸಿದ್ದು ಒಳಪದರದವರೆಗೂ ಕಂಡುಬಂದಿತು. ತೂಕಕ್ಕಿಂತ ಕೊಬ್ಬಿನೊಡನೆ ಬೆರೆಯುವ ಗುಣವೇ ಇಲ್ಲಿ ನಿರ್ಣಾಯಕವಾಯಿತು. ಚರ್ಮದಲ್ಲಿರುವ ಕಿಣ್ವಗಳು ಬರಿಯ ಪೆಪ್ಟೈಡನ್ನು ಬೇಗನೆ ಒಡೆದುಹಾಕುತ್ತವೆ, ತುದಿಗೆ ಅಂಟಿದ ಕೊಬ್ಬಿನಾಮ್ಲ ಅದಕ್ಕೂ ಅಡ್ಡಿಯಾಗುತ್ತದೆ. ಸೀರಮ್‌ನ ಪಟ್ಟಿಯಲ್ಲಿ ಪೆಪ್ಟೈಡ್‌ನ ಹೆಸರಿನ ಮುಂದೆ ‘ಪಾಲ್ಮಿಟಾಯ್ಲ್’ ಎಂದಿದೆಯೇ ಎಂದು ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಮನುಷ್ಯರ ಮೇಲೆ ಇದರ ಪರಿಣಾಮ ಎಷ್ಟು? 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 93 ಮಹಿಳೆಯರು ಮುಖದ ಒಂದು ಬದಿಗೆ ಈ ಪೆಪ್ಟೈಡ್ ಇರುವ ಕ್ರೀಮನ್ನೂ ಇನ್ನೊಂದು ಬದಿಗೆ ಪೆಪ್ಟೈಡ್ ಇಲ್ಲದ ಅದೇ ಕ್ರೀಮನ್ನೂ, ಯಾವುದು ಯಾವುದೆಂದು ತಿಳಿಯದೆ, 12 ವಾರ ಹಚ್ಚಿಕೊಂಡರು. ಕ್ರೀಮಿನಲ್ಲಿದ್ದ ಪೆಪ್ಟೈಡ್ ಹತ್ತು ಲಕ್ಷಕ್ಕೆ ಕೇವಲ 3 ಭಾಗ. ಪೆಪ್ಟೈಡ್ ಹಚ್ಚಿದ ಬದಿಯಲ್ಲಿ ಸಣ್ಣ ಗೆರೆಗಳು ಮತ್ತು ಸುಕ್ಕುಗಳು ಅಳತೆಗೆ ಸಿಗುವಷ್ಟು ಕಡಿಮೆಯಾದವು. ಈ ಅಧ್ಯಯನ ನಡೆಸಿದ್ದು ಕ್ರೀಮು ತಯಾರಿಸುವ ಕಂಪನಿಯೇ ಎಂಬುದನ್ನು ಮರೆಯಬಾರದು, ಆದರೂ ಅದರ ವಿನ್ಯಾಸ ಅಚ್ಚುಕಟ್ಟಾಗಿದೆ ಮತ್ತು ಫಲಿತಾಂಶ ನಂಬಲು ಯೋಗ್ಯವಾಗಿದೆ ಎಂಬುದು ನನ್ನ ಅಭಿಪ್ರಾಯ. ಸುಧಾರಣೆ ಮಾತ್ರ ಸಾಧಾರಣವಾದದ್ದು. ಎದುರಿಗೆ ಕುಳಿತವರ ಕಣ್ಣಿಗೆ ಬೀಳುವಂಥ ಬದಲಾವಣೆಯನ್ನು ನಿರೀಕ್ಷಿಸಬೇಡಿ.

‘ಸೂಜಿಯಿಲ್ಲದ ಬೊಟಾಕ್ಸ್’ ಎಂದು ಮಾರುವ ಅರ್ಜಿರೆಲಿನ್, ಅಂದರೆ ಅಸಿಟೈಲ್ ಹೆಕ್ಸಾಪೆಪ್ಟೈಡ್-8, ಬೇರೆಯೇ ದಾರಿ ಹಿಡಿಯುತ್ತದೆ. ನರದ ತುದಿಯಿಂದ ಸ್ನಾಯುವಿಗೆ ಸಂಕೇತ ಬಿಡುಗಡೆಯಾಗಲು ಬೇಕಾದ ಸ್ನ್ಯಾಪ್-25 ಎಂಬ ಪ್ರೋಟೀನ್‌ನ ಒಂದು ತುದಿಯನ್ನು ಇದು ಅನುಕರಿಸಿ, ಅದರ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ವಿಷವಾದರೋ ಆ ಪ್ರೋಟೀನನ್ನೇ ಕತ್ತರಿಸುತ್ತದೆ, ಮತ್ತು ಅದನ್ನು ಸೂಜಿಯಿಂದ ಸ್ನಾಯುವಿಗೇ ಕೊಡಲಾಗುತ್ತದೆ. ಸುಮಾರು 889 ಡಾಲ್ಟನ್ ತೂಕದ, ನೀರಿನಲ್ಲಿ ಕರಗುವ ಈ ಪೆಪ್ಟೈಡ್ ಹೊರಪದರ, ಒಳಪದರ ಎಲ್ಲವನ್ನೂ ದಾಟಿ ಸ್ನಾಯುವಿನ ನರತುದಿಗೆ ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಹಣೆಯ ಆಳವಾದ ಗೆರೆಗಳು ಇದರಿಂದ ಹೋಗುತ್ತವೆಂದು ನಂಬಿ ಹಣ ಹಾಕಬೇಡಿ.

ಬಾಟಲಿಯ ಮೇಲಿನ ಶೇಕಡಾ ಲೆಕ್ಕವನ್ನೂ ಎಚ್ಚರಿಕೆಯಿಂದ ಓದಬೇಕು. ಅನೇಕ ಪೆಪ್ಟೈಡ್‌ಗಳು ನಮ್ಮ ಕೈಗೆ ಬರುವುದು ಶುದ್ಧ ಪುಡಿಯಾಗಿ ಅಲ್ಲ, ನೀರಿನಲ್ಲೋ ಗ್ಲಿಸರಿನ್‌ನಲ್ಲೋ ಕರಗಿಸಿದ ದ್ರಾವಣವಾಗಿ. ಶೇ. 0.05ರಷ್ಟು ಪೆಪ್ಟೈಡ್ ಇರುವ ದ್ರಾವಣವನ್ನು ಶೇ. 10ರಷ್ಟು ಬೆರೆಸಿದರೆ ಸೀರಮ್‌ನಲ್ಲಿ ನಿಜವಾಗಿ ಇರುವ ಪೆಪ್ಟೈಡ್ ಶೇ. 0.005 ಮಾತ್ರ, ಆದರೆ ಬಾಟಲಿಯ ಮೇಲೆ ದೊಡ್ಡದಾಗಿ ಕಾಣುವುದು 10 ಎಂಬ ಅಂಕಿ. ಹಾಗೆಂದು ಕಡಿಮೆ ಪ್ರಮಾಣವೆಲ್ಲ ವಂಚನೆಯಲ್ಲ. ಹತ್ತು ಲಕ್ಷಕ್ಕೆ 3 ಭಾಗದಲ್ಲಿಯೂ ಪರಿಣಾಮ ಕಂಡದ್ದನ್ನು ಮೇಲೆಯೇ ಹೇಳಿದ್ದೇನೆ, ಆದ್ದರಿಂದ ಘಟಕಗಳ ಪಟ್ಟಿಯಲ್ಲಿ ಪೆಪ್ಟೈಡ್ ಕೊನೆಯಲ್ಲಿದ್ದರೆ ಆತಂಕಪಡಬೇಕಾಗಿಲ್ಲ.

ಸುಕ್ಕು ಕಡಿಮೆ ಮಾಡುವುದೇ ನಿಮ್ಮ ಉದ್ದೇಶವಾದರೆ ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್‌ಗಳಿಗೆ, ಅಂದರೆ ವಿಟಮಿನ್ ಎ ಗುಂಪಿನ ಔಷಧಗಳಿಗೆ, ಇರುವ ಪುರಾವೆ ಪೆಪ್ಟೈಡ್‌ಗಳಿಗಿಂತ ಬಹಳ ಗಟ್ಟಿಯಾದದ್ದು, ಮತ್ತು ಕೊಲಾಜೆನ್ ಒಡೆಯುವ ಕಿಣ್ವಗಳನ್ನು ಎಬ್ಬಿಸುವ ನೇರಳಾತೀತ ಕಿರಣಗಳನ್ನು ತಡೆಯದೆ ಏನು ಹಚ್ಚಿದರೂ ಪ್ರಯೋಜನ ಅಷ್ಟಕ್ಕಷ್ಟೇ. ರೆಟಿನಾಯ್ಡ್ ಹಚ್ಚಿದರೆ ಚರ್ಮ ಉರಿದು ಸಿಪ್ಪೆ ಏಳುವವರಿಗೆ ಪೆಪ್ಟೈಡ್ ಸೌಮ್ಯವಾದ ಆಯ್ಕೆ. ನಾನು ಅದನ್ನು ಶಿಫಾರಸು ಮಾಡುವುದೂ ಮುಖ್ಯವಾಗಿ ಅವರಿಗೇ.

ಇನ್ನು ವಿಟಮಿನ್ ಸಿ. ಪಾಲ್ಮಿಟಾಯ್ಲ್ ಪೆಪ್ಟೈಡ್‌ಗಳ ಮಟ್ಟಿಗೆ ನೀವು ಹೆಚ್ಚು ಚಿಂತಿಸಬೇಕಾಗಿಲ್ಲ. ತಾಮ್ರ ಸೇರಿದ ಜಿಎಚ್‌ಕೆಯ ಕಥೆ ಮಾತ್ರ ಬೇರೆ. ಅದರ ದ್ರಾವಣ ಕಡುನೀಲಿಯಾಗಿರುತ್ತದೆ, ಪೆಪ್ಟೈಡ್ ತಾಮ್ರವನ್ನು ಹಿಡಿದುಕೊಂಡಿದೆ ಎಂಬುದಕ್ಕೆ ಆ ಬಣ್ಣವೇ ಗುರುತು. ಬೀಕರಿನಲ್ಲಿರುವ ಆ ದ್ರಾವಣಕ್ಕೆ ಆಮ್ಲವನ್ನು ಹನಿಹನಿಯಾಗಿ ಹಾಕುತ್ತಾ ಹೋದರೆ ನೀಲಿ ತೆಳುವಾಗುತ್ತಾ ಬರುತ್ತದೆ, ಏಕೆಂದರೆ ಪೆಪ್ಟೈಡ್‌ನ ಹಿಡಿತ ಸಡಿಲಗೊಂಡು ತಾಮ್ರ ಬಿಟ್ಟುಹೋಗುತ್ತದೆ. ವಿಟಮಿನ್ ಸಿಯ ಶುದ್ಧ ರೂಪವಾದ ಆಸ್ಕಾರ್ಬಿಕ್ ಆಮ್ಲ ಈ ಆಮ್ಲೀಯತೆಯನ್ನು ತರುವುದರ ಜೊತೆಗೆ ತಾಮ್ರದೊಡನೆ ಸ್ವತಃ ಪ್ರತಿಕ್ರಿಯಿಸಿ ತಾನೂ ಬೇಗ ಹಾಳಾಗುತ್ತದೆ. ಆದ್ದರಿಂದ ಇವೆರಡನ್ನು ಒಂದರ ಮೇಲೊಂದು ಹಚ್ಚಬೇಡಿ. ವಿಟಮಿನ್ ಸಿಯನ್ನು ಬೆಳಿಗ್ಗೆ ಸನ್‌ಸ್ಕ್ರೀನ್‌ಗೆ ಮೊದಲು, ತಾಮ್ರದ ಪೆಪ್ಟೈಡನ್ನು ರಾತ್ರಿ ಹಚ್ಚಿಕೊಳ್ಳಿ.